ಗಿರಿಜಾಳ ಕಾಗದ ಮೊದಲು

ತಮ್ಮಾ ಮಲ್ಲೂ,

ಸಾಲಿಯ ಬಯಲಿನಲ್ಲಿ ನೀನು ಮೊದಲ ರಿಂಗ್ ಏರಿಸಿದ್ದು ಅಮಾವಾಸ್ಯೆಯ ದಿನ. ನೆನಪಿದೆಯೇ? ಮುರಿದ ಚಕ್ಕಡಿಯ ಗಾಲಿಹಳಿ ಕತ್ತರಿಸಿ, ಕಾಯಿಸಿ, ಬಗ್ಗಿಸಿ, ಕಮ್ಮಾರನ ಬೆನ್ನುಬಿದ್ದು ಮಾಡಿಸಿಕೊಂಡು ಬಂದಿದ್ದೆ. ಧಾರವಾಡದ ಕಾಲೇಜೊಂದರಲ್ಲಿ ಜವಾನನಾಗಿದ್ದಾಗ ಬಾಸ್ಕೆಟ್‌ಬಾಲ್ ಅಂಗಳ ಗುಡಿಸುತ್ತ ಗುಡಿಸುತ್ತಲೇ ಆಟ ಕಲಿತವನು ನೀನು. ನಮ್ಮೂರ ಹೈಸ್ಕೂಲಿಗೆ ವರ್ಗವಾಗಿ ಬಂದ ವಾರಕ್ಕೇ ಈ ಉಸಾಬರಿ ಹಚ್ಚಿಕೊಂಡೆ. ನಾನು ಕೆಳಗೆ ನಿಚ್ಚಣಿಕೆ ಹಿಡಿದು ಗೊಣಗುತ್ತಿದ್ದೆ. "ಮಲ್ಲೂ, ಇವತ್ತ ಅಮಾಸಿ ಐತಿ. ಹೊಸಾ ಕೆಲಸ ಬ್ಯಾಡಲೇ, ನಾಳಿ ಪಾಡ್ಯಕ್ಕ ಹಚ್ಚೂಣು." ನೀನು ಮೇಲಿಂದಲೇ ನಕ್ಕೆ. "ಯಾಕಣ್ಣಾ, ಅಮಾಸಿ ದಿನ ಒಗದ ಚೆಂಡು ಕೆಳಗ ಬೀಳೂದಿಲ್ಲೇನು?" ಆ ದಿನ ನಾನೂ ನಕ್ಕಿದ್ದೆ. ಈಗ ಆ ಮಾತು ನೆನಪಾದರೆ ಉಣ್ಣುವ ತಾಟು ಸರಿಸಿ ಏಳುತ್ತೇನೆ. ಯಾಕೆ ಎಂದು ನಿನಗೆ ಹೇಳಬೇಕು. ನೀನು ಹೋಗಿ ವರ್ಷವಾಗುತ್ತ ಬಂತು, ಇಷ್ಟು ದಿನ ಧೈರ್ಯ ಬರಲಿಲ್ಲ.

ಚನ್ನಪ್ಪನ ಚಹಾದಂಗಡಿಯ ಕಟ್ಟೆಯ ಮೇಲೆ ದಿನಾ ಮುಂಜಾನೆ ನಡೆಯುತ್ತಿದ್ದ ನಮ್ಮ ಜಗಳ ನಿನಗೆ ಒಳ್ಳೆಯ ಮೋಜು. ನಿವೃತ್ತ ಕಂಡಕ್ಟರ್ ಹಸನಸಾಬ ತನ್ನ ಮೊಬೈಲನ್ನು ಬಿಸ್ಕೀಟಿನ ಭರಣಿಗೆ ಆನಿಸಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟ ಹಚ್ಚುತ್ತಿದ್ದ. ಆಟಕ್ಕಿಂತ ಹೆಚ್ಚು ಚರ್ಚೆ ಯಾರ ಕರಾರು ಮುಗಿಯಿತು, ಯಾರು ಯಾವ ತಂಡಕ್ಕೆ ಹೋಗುತ್ತಾರೆ ಎಂಬುದರದೇ. "ಆ ಎತ್ತರದವನ್ನ ಬಿಟ್ಟಬಿಡಬೇಕ್ರಿ, ಸಂಬಳದ ಮಿತಿ ಒಳಗ ಜಾಗಾ ಆಗತೈತಿ," ಎಂದು ಹಸನಸಾಬ. "ಹೌದಲ್ಲ, ಸವದ ಮೊಣಕಾಲಿಗೆ ನಾಕ ವರ್ಷದ ಕರಾರು! ಮುದಿ ಎತ್ತಿಗೆ ಬೆಳ್ಳಿ ಕೋಡಣಸು ಹಾಕಿದಂಗ," ಎಂದು ಚನ್ನಪ್ಪ. "ನೀ ಮೊದಲ ಚಹಾಕ್ಕ ಸಕ್ರಿ ಹಾಕಪಾ. ಅಲ್ಲಿಯವರು ನಿನ್ನ ಕೇಳಿ ಸೈ ಮಾಡಂಗಿಲ್ಲ," ಎಂದು ನಾನು. ನೀನು ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತು, "ಕಾಣದ ಊರಿನ ರೊಕ್ಕ ಉಳಸಾಕ ಮೂರು ಮುದುಕರು ಹೆಂಗ ಬಾಯಿ ಬಡಕೋತೀರಲ್ಲ!" ಎನ್ನುತ್ತಿದ್ದೆ. ಆ ಕಟ್ಟೆಯ ಶಾಣ್ಯಾತನ ಒಂದು ದಿನ ನಿನ್ನ ಮಗಳ ತಲೆಯ ಮೇಲೆ ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮ ಭಾಗದಲ್ಲೂ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಲೀಗ್ ಶುರುವಾದ ವರ್ಷ ನೀನು ಕುಣಿದದ್ದು ಕಣ್ಣಿಗೆ ಕಟ್ಟಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ತಂಡಗಳ ನಡುವೆ ನಮ್ಮ ಹಳ್ಳಿಯದೂ ಒಂದು. ದೊಡ್ಡ ಊರಿನವರು ಎಲ್ಲರನ್ನೂ ಬಾಚಿಕೊಳ್ಳಬಾರದೆಂದು ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದೇ ಮಿತಿ ಇಟ್ಟರು. ಒಂದೇ ಒಂದು ವಿನಾಯಿತಿ: ಮೂರು ವರ್ಷ ನಿಮ್ಮಲ್ಲೇ ಆಡಿದವಳನ್ನು ಉಳಿಸಿಕೊಳ್ಳಲು ಮಿತಿ ಮೀರಬಹುದು, ಆದರೆ ಕೊನೆಯ ತಾರೀಖಿನೊಳಗೆ ಸಹಿ ಬಿದ್ದಿರಬೇಕು. ನಿನ್ನ ಮಗಳು ಗಿರಿಜಾ ನಮ್ಮಲ್ಲಿ ಆ ಮೂರು ವರ್ಷ ಮುಗಿಸಿದ್ದಳು. ನೀನು ಹಾಸಿಗೆ ಹಿಡಿದ ಮೇಲೆ ತಂಡದ ಸಹಿ ಮಾಡುವ ಹಕ್ಕು ನನ್ನ ಕೈಗೆ ಬಂತು. ನನ್ನ ಹಿಟ್ಟಿನ ಗಿರಣಿಯ ಪಟ್ಟಿ ಬಿಟ್ಟು ಬೇರೆಲ್ಲೂ ಸಹಿ ಹಾಕದ ಕೈ ಅದು.

ಹಸನಸಾಬ ಬೀಡಿಯ ಕಟ್ಟಿನ ಹಿಂದೆ ಲೆಕ್ಕ ಬರೆದು ತೋರಿಸಿದ ಮುಂಜಾನೆಯಿಂದ ತಪ್ಪು ಶುರುವಾಯಿತು. "ನೋಡ್ರಿ, ಗಿರಿಜಾನ ಕಾಗದ ಮೊದಲ ಮಾಡಿದ್ರ ಅಕಿ ಸಂಬಳ ಮಿತಿ ಒಳಗ ಬೀಳತೈತಿ. ಅದಕ್ಕ ಮೊದಲ ಹೊರಗಿನವರನ್ನ ತುಂಬಕೊಳ್ರಿ. ಗಿರಿಜಾನ್ನ ಕಡೀಕ ಆ ವಿನಾಯಿತಿ ಹಿಡದು ಮಿತಿ ಮ್ಯಾಲ ತೊಗೊಂಡಬಿಡ್ರಿ." ಚನ್ನಪ್ಪ ತೊಡೆ ತಟ್ಟಿದ. "ಭಲೇ ಕಂಡಕ್ಟರ್! ಬಸ್ಸು ತುಂಬಿದ ಮ್ಯಾಲ ಮನಿ ಮಂದೀನ್ನ ಬಾನೆಟ್ ಮ್ಯಾಲ ಕೂಡಿಸಿದಂಗ." ನನಗೂ ಸರಿ ಎನಿಸಿತು. ಮನೆಯ ಹುಡುಗಿ, ಎಲ್ಲಿಗೆ ಹೋಗುತ್ತಾಳೆ? ನೋಡು, ಮನೆಯವರನ್ನು ನಾವು ಯಾವಾಗಲೂ ಕೊನೆಯ ಪಂಕ್ತಿಗೇ ಕೂಡಿಸುವುದು. ಅಡುಗೆ ಉಳಿಯುತ್ತದೆಂಬ ಭರವಸೆಯ ಮೇಲೆ...

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನಗೆ ಆ ಉಪಾಯ ಹೇಳಿದ ಮಧ್ಯಾಹ್ನ ಮರೆಯಲಾರೆ. ಗಂಟಲಿನ ಆಪರೇಶನ್ನಾಗಿ ನಿನ್ನ ಮಾತು ನಿಂತಿತ್ತು, ಎದೆಯ ಮೇಲೆ ಗಿರಿಜಾ ಸಾಲಿಗೆ ಒಯ್ಯುತ್ತಿದ್ದ ಹಳೆಯ ಪಾಟಿ ಇತ್ತು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ನೀನು ಬೇಡವೆಂದು ತಲೆ ಅಲ್ಲಾಡಿಸಿದೆ, ಬಳಪ ಕೇಳಿದೆ. ಬರೆದೆ: "ಗಿರಿಜಾನ ಕಾಗದ ಮೊದಲ." ಕೆಳಗೆ ಎರಡು ಗೆರೆ ಎಳೆದೆ. ಅಷ್ಟರಲ್ಲಿ ಗಂಜಿಯ ಡಬ್ಬಿ ಹಿಡಿದು ಗಿರಿಜಾ ವರಾಂಡದಲ್ಲಿ ಬರುವುದು ಕಾಣಿಸಿತು. ಅವಳು ಓದಿದರೆ ಮೊದಲು ತನ್ನದೇ ಸಹಿ ಆಗಲಿ ಎಂದಾಳು, ನಮ್ಮ ಲೆಕ್ಕ ಕೆಟ್ಟೀತು ಎಂದು ನಾನು ಧೋತರದ ಚುಂಗಿನಿಂದ ಪಾಟಿ ಒರೆಸಿಬಿಟ್ಟೆ. ನೀನು ನೋಡುತ್ತಲೇ ಇದ್ದೆ. ಅಣ್ಣನಿಗೆ ತಿಳಿಯಿತು, ಅದಕ್ಕೇ ಒರೆಸಿದ ಎಂದುಕೊಂಡೆಯಾ? ಅಥವಾ... ನೀನು ಕಣ್ಣು ಮುಚ್ಚಿದೆ. ಮತ್ತೆ ಬಳಪ ಕೇಳಲಿಲ್ಲ. ಮೂರನೆಯ ದಿನ ನಿನ್ನನ್ನು ಮಣ್ಣಿಗೆ ಒಪ್ಪಿಸಿ ಬಂದೆವು.

ಕುಂದಗೋಳ ತಂಡದ ಮ್ಯಾನೇಜರ್ ಮನೆಗೆ ಬಂದಾಗ ನಿನ್ನ ಫೋಟೋಕ್ಕೆ ಹಾಕಿದ ಹಾರ ಇನ್ನೂ ಬಾಡಿರಲಿಲ್ಲ. ಮೆತ್ತಗಿನ ಮನುಷ್ಯ. "ನಮ್ಮ ಮಿತಿ ಒಳಗ ಒಬ್ಬಾಕಿಗೆ ಜಾಗಾ ಐತ್ರಿ. ಗಿರಿಜಾ ಬರ್ತೀನಂದ್ರ ಇವತ್ತ ಕಾಗದ ಮಾಡ್ತೀವಿ," ಎಂದ. ಗಿರಿಜಾ ನನ್ನ ಮುಖ ನೋಡಿದಳು. ನಮ್ಮ ತಂಡದಲ್ಲೇ ನಿನ್ನ ಜಾಗ ಎಂದು ನಾನು ತಾಟಿನಲ್ಲಿದ್ದ ಎಲೆ ಅಡಿಕೆ ಎತ್ತಿ ಅವಳ ಕೈಯಲ್ಲಿಟ್ಟೆ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟ ಮೇಲೆ ಮುಗಿಯಿತಲ್ಲ? ದನದ ವ್ಯಾಪಾರವಾಗಲಿ, ಹೆಣ್ಣಿನ ನಿಶ್ಚಯವಾಗಲಿ, ಅದರ ಮುಂದೆ ಕಾಗದ ಯಾಕೆ ಬೇಕು? "ದೊಡ್ಡಪ್ಪ ಮಾತ ಕೊಟ್ಟಾರ್ರಿ. ನಾ ಊರ ಬಿಡಂಗಿಲ್ಲ," ಎಂದಳು ಅವಳು. ಅವನು ಚಹಾ ಕುಡಿದು ಹೋದ, ನಾಲ್ಕು ದಿನಕ್ಕೆ ಆ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡ. ಕಟ್ಟೆಯ ಮೇಲೆ ಚನ್ನಪ್ಪ ಪುಕ್ಕಟೆ ಚಹಾ ಹಂಚಿದ.

ಬೆಳಗಾವಿ ಕಡೆಯ ಎತ್ತರದ ಹುಡುಗಿಯೊಬ್ಬಳು ಇವತ್ತು ನಾಳೆ ಎನ್ನುತ್ತ ನಮ್ಮನ್ನು ಕಾಯಿಸಿದ ದಿನಗಳು ಆಮೇಲೆ ಬಂದವು. ಅವಳ ಸಹಿ ಆಗದೆ ಗಿರಿಜಾಳದು ಮಾಡುವಂತಿರಲಿಲ್ಲ. ಕೊನೆಗೆ ಗಡುವಿನ ಹಿಂದಿನ ದಿನ ಸಂಜೆ ಅವಳು ಸಹಿ ಮಾಡಿದಳು. "ಮಿತಿ ಒಳಗ ಒಂದ ರೂಪಾಯಿ ಬಿಟ್ಟಿಲ್ರಿ!" ಎಂದು ಹಸನಸಾಬ ಮೀಸೆ ತಿರುವಿದ. ಉಳಿದದ್ದು ಗಿರಿಜಾ ಒಬ್ಬಳೇ, ಉಳಿದದ್ದು ಒಂದೇ ದಿನ. ಆ ದಿನ ಅಮಾವಾಸ್ಯೆ.

ಗಿರಿಜಾ ಅಂದು ಮುಂಜಾನೆ ತಲೆಗೆ ಸ್ನಾನ ಮಾಡಿ ಪೆನ್ನು ಹಿಡಿದುಕೊಂಡೇ ಬಂದಿದ್ದಳು. "ದೊಡ್ಡಪ್ಪ, ಹೋಗೂಣೇನ್ರಿ? ಇವತ್ತ ಐದರ ತನಕ ಐತಂತ." ನಾನು ಗಿರಣಿಯ ಬಾಗಿಲಿಗೆ ಬೀಗ ಹಾಕಿ ಜಗುಲಿಯ ಮೇಲೆ ಕೂತಿದ್ದೆ. ಅಮಾವಾಸ್ಯೆಗೆ ನಾನು ಗಿರಣಿ ತೆಗೆಯುವುದಿಲ್ಲ, ನಿನಗೆ ಗೊತ್ತಲ್ಲ. "ಅಪ್ಪನ್ನ ಕಳಕೊಂಡಾಕಿ ನೀ. ಇಂಥಾ ದಿನ ಸೈ ಮಾಡಿ ಮತ್ತೇನರ ಆದ್ರ? ನಾಳಿ ಪಾಡ್ಯ, ಮುಂಜಾನಿ ಮೊದಲನೇ ಬಸ್ಸಿಗೆ ಹೋಗೂಣು. ಒಂದ ದಿನ ಹಿಂದ ಮುಂದ ಆದ್ರ ಯಾರ ಕೇಳತಾರ?" ಅವಳು, "ಕೇಳಿದ್ರ?" ಎಂದಳು. "ನಾ ಅದೀನಲ್ಲ," ಎಂದೆ. ಅಮಾವಾಸ್ಯೆಯ ದಿನ ಒಗೆದ ಚೆಂಡು, ಮಲ್ಲೂ...

ಪಾಡ್ಯದ ದಿನ ಲೀಗಿನ ಕಚೇರಿಯ ಮೇಜಿನ ಮುಂದೆ ನಿಂತಾಗ ನನ್ನ ಜೇಬಿನಲ್ಲಿ ಹಂಚಲು ತಂದ ಪೇಡೆಯ ಪೊಟ್ಟಣವಿತ್ತು. ಅಲ್ಲಿ ಕೂತಿದ್ದ ಹೆಣ್ಣುಮಗಳು ಎಲ್ಲ ಓದಿ ನೋಡಿದಳು. "ನಿನ್ನೆ ಐದಕ್ಕ ಮುಗೀತ್ರಿ ಅಜ್ಜಾರ. ಇನ್ನ ಅಕಿನ್ನ ಮಿತಿ ಒಳಗಷ್ಟ ತೊಗೋಬೇಕು." ಮಿತಿಯೊಳಗೆ ಒಂದು ರೂಪಾಯಿಯೂ ಇರಲಿಲ್ಲ. ಪುಕ್ಕಟೆ ಆಡುತ್ತಾಳೆ ಎಂದೆ, ಕನಿಷ್ಠ ಸಂಬಳ ಕೊಡದೆ ಆಡಿಸುವಂತಿಲ್ಲ ಎಂದಳು. ಬೆಳಗಾವಿಯವಳನ್ನು ಬಿಡುತ್ತೇವೆ ಎಂದೆ, ಸಹಿ ಬಿದ್ದ ಕಾಗದ ಹಂಗಾಮು ಮುಗಿಯುವವರೆಗೆ ಕಟ್ಟು ಎಂದಳು. ಅವಳ ತಪ್ಪೇನು? ನಿಯಮ ಎಲ್ಲರಿಗೂ ಒಂದೇ. ಕುಂದಗೋಳಕ್ಕೆ ಫೋನ್ ಮಾಡಿದೆ. ಆ ಮನುಷ್ಯ, "ನಾ ಬಂದಿದ್ನೆಲ್ರಿ ಯಜಮಾನ್ರ," ಎಂದ. ಅಷ್ಟೇ.

ಬಸ್ಸಿನಲ್ಲಿ ತಿರುಗಿ ಬರುವಾಗ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸರ್ಕಾರಿ ನೌಕರಿಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಲು ಅವಳಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ವರ್ಷ, ಆ ಹಂಗಾಮಿನಲ್ಲಿ ಆಡಿದ ಪ್ರಮಾಣಪತ್ರ ಬೇಕಿತ್ತು. ಅದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ಅದಕ್ಕೇ ಎರಡು ಗೆರೆ ಎಳೆದಿದ್ದೆಯಲ್ಲ? ಊರು ಹತ್ತಿರ ಬಂದಾಗ ಅವಳು ನನ್ನ ಕಡೆ ತಿರುಗದೆ ಕೇಳಿದಳು. "ದೊಡ್ಡಪ್ಪ, ಅಪ್ಪ ಕಡೀಕ ನನ್ನ ಬಗ್ಗೆ ಏನರ ಬರದಿದ್ನೇನ್ರಿ?" ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು: "ಇಲ್ಲವಾ, ಕಡೀಕ ಅವಂಗ ಬಳಪ ಹಿಡ್ಯಾಕ ಆಗತಿದ್ದಿಲ್ಲ."

ನಮ್ಮ ತಂಡ ಆ ಹಂಗಾಮಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದದ್ದು ನಿನಗೆ ಮುಖ್ಯವಲ್ಲ, ಬಿಡು. ಎತ್ತರದ ಹುಡುಗಿಗೆ ಚೆಂಡು ಕೊಡುವವಳೇ ಇರಲಿಲ್ಲ. ಹಸನಸಾಬ ಈಗ ಮೊಬೈಲ್ ತರುವುದಿಲ್ಲ. ಚನ್ನಪ್ಪ ಒಂದು ದಿನ, "ನೀ ಹೇಳಿದ ಲೆಕ್ಕ ಇದು," ಎಂದದ್ದಕ್ಕೆ ಅವನು, "ಲೆಕ್ಕ ಬರೋಬ್ಬರಿ ಇತ್ತೋ ಮಾರಾಯಾ. ಅಮಾಸಿ ಹಿಡದ ಕೂತವ್ರು ಯಾರು?" ಎಂದು ಎದ್ದು ಹೋದ. ನಾನು ಅಲ್ಲೇ ಕೂತಿದ್ದೆ. ಗಿರಿಜಾ ಹುಬ್ಬಳ್ಳಿಯ ಅರಿವೆ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದಳು. ಸಾಲಿಯ ಬಯಲಿನ ಮುಂದೆ ಬಸ್ಸು ಹಾಯುವಾಗ ಅವಳು ಆ ಬಾಜುದ ಸೀಟಿನಲ್ಲಿ ಕೂಡುವುದಿಲ್ಲ ಎಂದು ಆ ಬಸ್ಸಿನ ಕಂಡಕ್ಟರ್ ಹೇಳಿದ. ನಿನ್ನ ರಿಂಗಿಗೆ ಕಿಲುಬು ಹತ್ತಿದೆ.

ಹೋದ ರವಿವಾರ ನಾನು ನಿನ್ನ ಪಾಟಿ ಹುಡುಕಿ ತೆಗೆದೆ. ನೀನು ಬರೆದದ್ದನ್ನೇ ಬರೆದೆ, ಎರಡು ಗೆರೆ ಎಳೆದೆ, ಒಯ್ದು ಗಿರಿಜಾಳ ಮುಂದಿಟ್ಟೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಆಸ್ಪತ್ರೆಯದು, ಧೋತರದ ಚುಂಗಿನದು, ಬಸ್ಸಿನಲ್ಲಿ ಆಡಿದ ಸುಳ್ಳಿನದು, ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಕುಂದಗೋಳದವರು ಬಂದಾಗ ನಿಮಗ ಇದು ಗೊತ್ತಿತ್ತೇನು?" ಎಂದಳು. "ಹೂಂ." ಅವಳು ಪಾಟಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ನೌಕರಿ ಹೋತು, ಹೋಗ್ಲಿ. ಕಡೀಕ ಅಪ್ಪಗ ನನ್ನ ನೆನಪ ಬರಲಿಲ್ಲ ಅಂತ ಇಷ್ಟ ದಿನ ಒಬ್ಬಾಕೆನ ಅತ್ತೀನಿ... ನೀವು ಇನ್ನ ಹೋಗ್ರಿ." ದೊಡ್ಡಪ್ಪ ಎನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ನಿನ್ನೆ ಕುಂದಗೋಳದ ಮ್ಯಾನೇಜರ್ ಮತ್ತೆ ಬಂದಿದ್ದ, ಮುಂದಿನ ಹಂಗಾಮಿಗೆ. ಎಲೆ ಅಡಿಕೆಯ ತಾಟು ಅಲ್ಲೇ ಇತ್ತು, ಗಿರಿಜಾ ಅದನ್ನು ಕಾಲಿನಿಂದ ತುಸು ಆಚೆ ಸರಿಸಿ, "ಕಾಗದ ತೋರಸ್ರಿ," ಎಂದಳಂತೆ. ಪ್ರತಿ ಸಾಲೂ ಓದಿದಳಂತೆ. ಕಳೆದುಹೋದ ನೌಕರಿ ಇದರಿಂದ ಬರುವುದಿಲ್ಲ, ಅದು ಅವಳಿಗೂ ಗೊತ್ತು. ಸಾಕ್ಷಿಗೆ ಮನೆಯ ಹಿರಿಯರ ಸಹಿ ಬೇಕೆಂದಾಗ ಯಾರನ್ನೋ ಕಳಿಸಿ ನನ್ನನ್ನು ಕರೆಸಿದಳು. ಎಲ್ಲಿ ಮಾಡಬೇಕೆಂದು ಬೆರಳಿನಿಂದ ತೋರಿಸಿದಳು. ನಾನು ಮಾಡಿದೆ. ಅವಳು ನಮ್ಮೂರ ವಿರುದ್ಧ ಆಡುವ ದಿನ ನಾನು ಹೋಗುತ್ತೇನೆ ಮಲ್ಲೂ, ಯಾವ ತಿಥಿಯೇ ಇರಲಿ. ಅವಳು ನನ್ನ ಕಡೆ ನೋಡದಿದ್ದರೂ.

ಎದ್ದು ಬರುವಾಗ ನಿನ್ನ ಫೋಟೋದ ಕೆಳಗೆ ಗೋಡೆಯ ಮಾಡಿನಲ್ಲಿ ಪಾಟಿ ಕಂಡಿತು. ಅಕ್ಷರ ನನ್ನವೇ, ಮಾತು ನಿನ್ನದು. ಬಳಪ ಅಳಿಸದಿರಲೆಂದು ಅದರ ಮೇಲೆ ಅವಳು ಗಾಜು ಕೂರಿಸಿದ್ದಾಳೆ.

ನಿನ್ನ ಅಣ್ಣ