ನಡುಗಲ್ಲಿನಾಚೆಯ ಎರಡು ಕಮಾನು

ಗೌರಿಬಿದನೂರು
೧೪ ಮಾರ್ಚ್ ೧೯೬೨

ವೆಂಕಟರತ್ನಮ್ಮ,

ಒಂಬತ್ತು ವರ್ಷಗಳ ಮೇಲೆ ಬರೆಯುತ್ತಿರುವ ಈ ಕಾಗದವನ್ನು ಹರಿಯದೆ ಓದು.

ಮೊನ್ನೆ ಸೋಮವಾರ, ಮಾರ್ಚ್ ಹನ್ನೆರಡರ ಬೆಳಿಗ್ಗೆ, ನಮ್ಮ ಹೊಳೆಯ ಕಲ್ಲುಸೇತುವೆಗೆ ಮದ್ದಿಟ್ಟು ಸಿಡಿಸಿದರು. ಐದು ಕಮಾನುಗಳಲ್ಲಿ ನಡುವಿನದೇ ಮೊದಲು ಬಿತ್ತು. ಅರವತ್ತೆಂಟು ಮಳೆಗಾಲ ಪಿನಾಕಿನಿ ಅಲುಗಿಸಲಾರದ್ದನ್ನು ಅರ್ಧ ಗಂಟೆಯಲ್ಲಿ ಕೆಡವಿದರು. ನಿನ್ನ ತಾತ ಬಯ್ಯಪ್ಪನವರು ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದ ಗಾರೆ. ಕಲ್ಲು ಒಡೆಯಿತೇ ಹೊರತು ಗಾರೆ ಬಿಡಲಿಲ್ಲ. ಈಗ ಆ ಕಲ್ಲನ್ನೆಲ್ಲ ಪಕ್ಕದ ಹೊಸ ಸೇತುವೆಯ ರಸ್ತೆಗೆ ಜಲ್ಲಿ ಮಾಡುತ್ತಿದ್ದಾರೆ. ಗುತ್ತಿಗೆದಾರ, "ಹಳೇ ಕಲ್ಲಿಗೆ ಯಾಕ್ ಅಳ್ತೀರ ಮೇಷ್ಟ್ರೇ?" ಎಂದು ನಕ್ಕ.

ಅವನಿಗೇನು ಗೊತ್ತು? ಹೆಣ್ಣುಮಗಳನ್ನು ತವರಿನವರು ಸೇತುವೆಯ ನಡುಗಲ್ಲಿನವರೆಗೆ ಕರೆತರಬೇಕು, ಅಲ್ಲಿಂದ ಗಂಡನ ಮನೆಯವರು ಕರೆದೊಯ್ಯಬೇಕು. ಎರಡೂ ದಡದ ಪದ್ಧತಿ ಅದು. ಮದುವೆಯ ಹೊಸದರಲ್ಲಿ ನಾನು ಅವಸರಪಟ್ಟು ಕಲ್ಲು ದಾಟಿದಾಗ ನಿಮ್ಮಪ್ಪ ಕೋನಪ್ಪನವರು, "ಹುಷಾರು ಅಳಿಯಂದಿರೇ, ಇನ್ನೊಂದು ಹೆಜ್ಜೆ ಇಟ್ರೆ ಮನೆಅಳಿಯ ಆಗೋಗ್ತೀರ!" ಎಂದಿದ್ದರು. ಎಲ್ಲರೂ ನಕ್ಕರು, ಸೆರಗು ಬಾಯಿಗೊತ್ತಿಕೊಂಡು ನೀನೂ. ನಾನು ಮಾತ್ರ ಆ ಮಾತನ್ನು ಮರೆಯಲಿಲ್ಲ.

ಐವತ್ತಮೂರರಲ್ಲಿ ನಿಮ್ಮಪ್ಪನವರಿಗೆ ಲಕ್ವ ಹೊಡೆದು ನೀನು ಆರೈಕೆಗೆ ಹೋದೆ. ಮೂರು ತಿಂಗಳಾದ ಮೇಲೆ ನಾನು ಮೂರು ಶುಕ್ರವಾರ ನಡುಗಲ್ಲಿನ ಮೇಲೆ ಬಂದು ನಿಂತೆ. ಹಾಸಿಗೆ ಹಿಡಿದವರು ನಿನ್ನನ್ನು ಅಲ್ಲಿಯವರೆಗೆ ಕರೆತರಲಾರರು ಎಂದು ತಿಳಿದೇ ನಿಂತೆ. ನೀನು ಜಟಕಾ ಕರೀಂ ಸಾಬರ ಕೈಲಿ, "ಇನ್ನೆರಡು ಕಮಾನು ದಾಟೋಕೆ ಅವ್ರ ಕಾಲಿಗೇನು ಬೇಡಿ ಹಾಕವ್ರಾ?" ಎಂದು ಹೇಳಿಕಳಿಸಿದೆ. ನಾನು ತಿರುಗಿ ಮನೆಗೆ ಬಂದೆ. ಮರುವರ್ಷ ಅವರು ತೀರಿಕೊಂಡ ದಿನವೂ ಅದೇ ಕಲ್ಲಿನ ಮೇಲಿಂದಲೇ ಕೈಮುಗಿದು ಬಂದೆ. ಓದಿದ ಪುಸ್ತಕಗಳೆಲ್ಲ ಯಾವ ಉಪಯೋಗಕ್ಕೆ ಬಂದವು?

ಅಂದಿನಿಂದ ಪ್ರತಿ ಶುಕ್ರವಾರ ಅಲ್ಲಿಯವರೆಗೆ ಹೋಗುತ್ತಿದ್ದೆ. ನಿಮ್ಮ ಹಿತ್ತಲಿನಲ್ಲಿ ನಿನ್ನ ಹಸಿರು ಸೀರೆ ಒಣಗುವುದು ಕಾಣುತ್ತಿತ್ತು. ಈಗ ನಿಂತು ನೋಡಲು ಆ ಕಲ್ಲೂ ಇಲ್ಲ.

ಬರುವ ಭಾನುವಾರ ಹೊಸ ಸೇತುವೆಯ ಉದ್ಘಾಟನೆ. ಎರಡೂ ದಡದ ಜನರ ಮುಂದೆ ಎಂಜಿನಿಯರರನ್ನು ಕೇಳುವವನಿದ್ದೇನೆ: ಗಟ್ಟಿಯಾಗಿದ್ದ ಸೇತುವೆಯನ್ನು ಯಾರ ಮಾತು ಕೇಳಿ ಒಡೆದಿರಿ?

ಇಂತು ನಿನ್ನ,
ಚನ್ನಕೇಶವ

ತಾ.ಕ.: ಕೇಳಿದರೆ ಎಂಜಿನಿಯರರು ನನ್ನ ಅರ್ಜಿಯನ್ನೇ ತೆಗೆದು ತೋರಿಸುತ್ತಾರೆ. "ಹಳೆಯದು ಶಿಥಿಲವಾಗಿದೆ, ಬಸ್ಸು ಓಡುವ ಸೇತುವೆ ಬೇಕು" ಎಂದು ಬರೆದು ಮೊದಲ ಸಹಿ ಹಾಕಿದವನು ನಾನು. ಬಸ್ಸಿನಲ್ಲಿ ಬರುವವಳಿಗೆ ನಡುಗಲ್ಲು ಅಡ್ಡಬಾರದು ಎಂದುಕೊಂಡಿದ್ದೆ. ಭಾನುವಾರ ನೀನು ಸೇತುವೆ ದಾಟಿ ಬರಬೇಡ, ನಿಮ್ಮ ದಡದಲ್ಲೇ ನಿಂತಿರು; ನಾನೇ ಆಚೆ ದಡದವರೆಗೆ ನಡೆದು ಬರುತ್ತೇನೆ. ಎಂಜಿನಿಯರರ ಸರದಿಗೆ ಮೊದಲು, ಎಲ್ಲರೆದುರಿಗೆ, ನನ್ನನ್ನು ಕೇಳು: ಒಂಬತ್ತು ವರ್ಷ ಯಾಕೆ ಬರಲಿಲ್ಲ?