ಭಾವನ ಹತ್ತು ಗಂಟೆ

ಅಕ್ಕಾ,

"ಏಳನೇ ಕ್ಲಾಸಿಗೆ ಓದು ಬಿಟ್ಟೋನಿಗೆ ವಿಮಾನದ ಲೆಕ್ಕ ಯಾಕೋ? ಅಲ್ಲಿನ ಗಡಿಯಾರವೇ ಬೇರೆ, ದಡ್ಡ" ಎಂದು ನಿನ್ನೆ ಊಟಕ್ಕೆ ಕೂತ ನೆಂಟರೆದುರು ಭಾವ ಅಂದಾಗ ನೀನೂ ನಕ್ಕೆ. ಪ್ರಯಾಣ ಎಷ್ಟು ಹೊತ್ತು ಅಂತ ಕೇಳಿದ್ದಷ್ಟೇ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ.

ಮಗುವಿನ ಕೆಮ್ಮಿನ ಔಷಧಿ ಕಿಟಕಿಯ ಹತ್ತಿರ ಇದೆ, ಅರ್ಧ ಚಮಚ ಸಾಕು. ಲಾರಿ ಲೋಡಾಗಿದೆ, ನಾಡಿದ್ದು ಬರುತ್ತೇನೆ.

ದೂರವನ್ನು ವೇಗದಿಂದ ಭಾಗಿಸುವುದು ನನಗೆ ದಿನದ ಕೆಲಸ. ಅವನು ಕೆಲಸಕ್ಕಿರುವ ಪರದೇಶದ ಊರು ಏಳು ಸಾವಿರ ಕಿಲೋಮೀಟರು ದೂರ, ವಿಮಾನ ಗಂಟೆಗೆ ಎಂಟುನೂರು ಹೋಗುತ್ತದೆ. ಎಷ್ಟು ಎಳೆದರೂ ಒಂಬತ್ತು ಗಂಟೆ. ಎಲ್ಲೂ ನಿಲ್ಲದ ವಿಮಾನ ಅಂತ ಜಂಬ ಕೊಚ್ಚಿದವನೂ ಅವನೇ. ಕಳೆದ ಸಲ ಬೆಳಗ್ಗೆ ಹತ್ತಕ್ಕೆ ಅದು ಹಾರಿದ್ದನ್ನು ನಾನೇ ನಿಂತು ನೋಡಿದೆ. "ಈಗ ತಾನೇ ಇಳಿದೆ" ಅಂತ ನಿನಗೆ ಫೋನ್ ಬಂದಾಗ ನಮ್ಮ ಅಡುಗೆಮನೆಯ ಗಡಿಯಾರದಲ್ಲಿ ಮರುದಿನ ಬೆಳಗ್ಗೆ ಐದು. ಅಲ್ಲಿನ ಗಡಿಯಾರ ಎಷ್ಟಾದರೂ ಹೊಡೆಯಲಿ, ನಾನು ಎರಡು ಸಲವೂ ನೋಡಿದ್ದು ಇಲ್ಲಿನ ಹೊತ್ತನ್ನೇ. ಉಳಿದ ಹತ್ತು ಗಂಟೆ ಯಾರ ಮನೆಯಲ್ಲಿದ್ದ?

ನಾಳೆ ನೀನು ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮಗು ಕಟ್ಟಿಕೊಂಡು ಅವನ ಹಿಂದೆ ಹೊರಡುವವಳು. ಆ ಹತ್ತು ಗಂಟೆಗೆ ಅವನು ಜವಾಬು ಹೇಳುವ ತನಕ ರಾಜೀನಾಮೆ ಕೊಡಬೇಡ, ನನ್ನಾಣೆ.

ಹಾಲು ಕಾಯಿಸಿಟ್ಟಿದ್ದೇನೆ. ಚೀಟಿಯನ್ನು ನಿನ್ನ ಊಟದ ಡಬ್ಬಿಯೊಳಗೆ ಇಡುತ್ತೇನೆ, ಅದನ್ನು ಅವನು ಮುಟ್ಟುವುದಿಲ್ಲ. ಇಗೋ, ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಾನೆ. "ಏನೋ ಪಂಡಿತ, ಯಾರಿಗೆ ಕಾಗದ?" ಅನ್ನುತ್ತಿದ್ದಾನೆ.

ಅವನು ಅತ್ತ ತಿರುಗಿದೊಡನೆ ಇದನ್ನು ಡಬ್ಬಿಗೆ ಹಾಕಿ ಹೊರಡುತ್ತೇನೆ.