ಗೋಡೆಯ ಮುಂದಿನ ಎರಡನೇ ಕುರ್ಚಿ

ಧಾರವಾಡ, ಅಕ್ಟೋಬರ್ 34, 2193

ಕಂಪ್ಯೂಟರುಗಳ ಕಾವಲಿಗೆ ಇದ್ದ ಇಬ್ಬರಲ್ಲಿ ಒಬ್ಬರ ಕುರ್ಚಿ ತೆಗೆಸಿ, ಉಳಿದವಳ ಮಾತು ಕೇಳದೆ, ಮಾಹಿತಿ ಕಳವಾದ ಮೇಲೆ ಅವರು ನೋಡುವ ಪರದೆಗೋಡೆಯದೇ ತಪ್ಪು ಎಂದು ನಮ್ಮ ನಿರ್ದೇಶಕರು ಬರೆದದ್ದು ಅನ್ಯಾಯ. ಇದನ್ನು ಮೊದಲು ಹೇಳಿಬಿಡುತ್ತೇನೆ. ನಮಸ್ಕಾರ ಆಮೇಲೆ.

ಅಂಗಡಿ, ಆಸ್ಪತ್ರೆ, ಬ್ಯಾಂಕು ನಡೆಸುತ್ತಿರುವ ಹಿಂದಿನ ಕಾಲದ ಹಿರಿಯರೇ, ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗ ತಿದ್ದಿದಾಗ ನಮ್ಮವರು ಅಕ್ಟೋಬರಿಗೆ ಐದು ದಿನ ಸೇರಿಸಿದರು. ಸೋಮವಾರ, ಮಂಗಳವಾರಗಳು ಮಾತ್ರ ನಿಮ್ಮವೇ. ನನ್ನ ಕೆಲವು ಮಾತು ನಿಮಗೆ ಹೊಸದೆನಿಸಿದರೆ ಕ್ಷಮಿಸಿ. ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ. ಹಳೆಯ ಕರಪತ್ರಗಳನ್ನು ಓದಿ ಕಲಿತದ್ದೇ ಜಾಸ್ತಿ.

ನಾನು ಕೆಲಸ ಮಾಡುವುದು ಒಂದು ಔಷಧಿ ಸಹಕಾರಿಯಲ್ಲಿ. ಸುತ್ತಲಿನ ಊರುಗಳ ಶೀತಲ ಕೋಣೆಗಳಿಗೆ ಇಲ್ಲಿಂದ ಔಷಧಿ ಹೋಗುತ್ತದೆ. ಯಾರಿಗೆ ಯಾವ ಕಾಯಿಲೆ ಎಂಬ ಮಾಹಿತಿ ಅಲ್ಲಿಂದ ಇಲ್ಲಿಗೆ ಬರುತ್ತದೆ. ಈ ಓಡಾಟವನ್ನೆಲ್ಲ ಚಿತ್ರವಾಗಿ ತೋರಿಸುವ ದೊಡ್ಡ ಪರದೆಗೆ ನಾವು ಕಸೂತಿಗೋಡೆ ಎನ್ನುತ್ತೇವೆ. ಒಂದೊಂದು ಕಂಪ್ಯೂಟರೂ ಒಂದು ಚುಕ್ಕಿ, ಒಂದೊಂದು ಸಂದೇಶವೂ ಒಂದು ಎಳೆ. ನಮ್ಮ ಕಡೆಯ ಇಳಕಲ್ ಸೀರೆಯ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಹೋದ ದಾರ ತಿರುಗಿ ಹೊರಟಲ್ಲಿಗೇ ಬರಬೇಕು. ಗೋಡೆಯಲ್ಲೂ ಹಾಗೆಯೇ. ಕೇಳಿದ್ದಕ್ಕೆ ಉತ್ತರ ಬಂದರೆ ಎಳೆ ಮರಳುತ್ತದೆ. ಹೊರಗೆ ಹೋಗುತ್ತಲೇ ಇದ್ದು ಮರಳದ ಎಳೆ ಕಂಡರೆ ಯಾರೋ ಒಳಗಿನದನ್ನು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಸಾಲುಸಾಲು ಅಂಕಿಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಿತ್ರದಲ್ಲಿ ಮಗುವಿಗೂ ಕಾಣುತ್ತದೆ.

ಆದರೆ ಒಬ್ಬರೇ ನೋಡುತ್ತ ಕೂತರೆ ಕಣ್ಣು ತೆರೆದೇ ಇದ್ದು ನೋಟ ಮಲಗಿಬಿಡುತ್ತದೆ. ಅದಕ್ಕೇ ಎರಡು ಕುರ್ಚಿ. ಒಬ್ಬರು ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕಥೆ ಕೇಳುವವರ ಹಾಗೆ ಹೂಂಗುಟ್ಟಬೇಕು. ಇಬ್ಬರಿಗೂ ಅನುಮಾನ ಬಂದರೆ ಯಾರನ್ನೂ ಕೇಳದೆ ಆ ಎಳೆಯನ್ನು ಕತ್ತರಿಸಬಹುದು, ಎಂದರೆ ಆ ಸಂಪರ್ಕವನ್ನೇ ನಿಲ್ಲಿಸಬಹುದು. ಒಬ್ಬರಿಗೇ ಬಂದರೆ ಮ್ಯಾನೇಜರರ ಅಪ್ಪಣೆ ಬೇಕು.

ನನಗೆ ಹೂಂಗುಟ್ಟುತ್ತಿದ್ದವರು ತುಳಜವ್ವ. ನಾನು "ನರಗುಂದದಿಂದ ಒಂದು ಎಳೆ ಹೊರಟಿತು" ಎಂದರೆ, ವೀಳ್ಯದೆಲೆ ಮಡಚುತ್ತ, "ಹೂಂ, ಮುಂದ ಏನಾತವಾ? ರಾಜಾ ತಿರುಗಿ ಮನಿಗೆ ಬಂದನೊ ಇಲ್ಲೊ?" ಎನ್ನುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೂಂ ಎನ್ನುವುದಕ್ಕೆ ಸಂಬಳವೇ ಎಂದು ನಿರ್ದೇಶಕರು ನಕ್ಕು ಕುರ್ಚಿಯನ್ನೇ ಎತ್ತಿಸಿದರು. ಅಂದಿನಿಂದ ನಾನು ಖಾಲಿ ಜಾಗಕ್ಕೆ ಹೇಳುತ್ತಿದ್ದೇನೆ. ಪಕ್ಕದ ಕೋಣೆಯ ಫಕೀರೇಶ ಇಣುಕಿ, "ದಿನಾ ಗ್ವಾಡಿ ಜೋಡಿ ಮಾತಾಡತಿ, ನಾಳೆ ಅದನ್ನ ಲಗ್ನಾ ಆಗತಿ ನೋಡು!" ಎನ್ನುತ್ತಾನೆ. ನಾನು ನಗುತ್ತೇನೆ. ಅವನು ಹೋದ ಮೇಲೆ ಕೋಣೆಯಲ್ಲಿ ಯಂತ್ರದ ಗುಂಯ್ ಸದ್ದೊಂದೇ. ಒಮ್ಮೊಮ್ಮೆ ಅದನ್ನೇ ಹೂಂ ಎಂದುಕೊಳ್ಳುತ್ತೇನೆ.

ಈ ಸಲದ ಆಯುಧ ಪೂಜೆಗೆ ಗೋಡೆಗೂ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದರು. ಮಾಲೆ ಇಳಿಬಿದ್ದು ನರಗುಂದದ ಮೂಲೆಯೇ ಮುಚ್ಚಿತು. ಒಂದು ಎಳೆ ಹೂವಿನ ಕೆಳಗಿನಿಂದ ಹೊರಟು ಹೋಗುತ್ತಲೇ ಇತ್ತು, ಮರಳಲಿಲ್ಲ. ಮಾಲೆ ಸರಿಸಿ ಎಂದೆ, ಎಳೆ ಕತ್ತರಿಸುತ್ತೇನೆ ಎಂದೆ. ಮ್ಯಾನೇಜರ್ ಅಣ್ಣಿಗೇರಿಯವರು ಪೇಡೆ ತಿನ್ನುತ್ತ, "ದೇವರ ಮಾಲಿ ಐತಿ, ಕೈ ಹಚ್ಚಬ್ಯಾಡ ತಂಗಿ. ಹಸಿರು ದೀಪ ಉರಿಯಾಕತ್ತೈತಿ, ಇನ್ನೇನ ಬೇಕ ನಿನಗ?" ಎಂದರು. ಎಲ್ಲ ಸರಿಯಿದೆ ಎಂದು ಹೇಳುವ ಆ ದೀಪವನ್ನು ನಮಗೆ ಬಿಟ್ಟುಹೋದವರು ನೀವು. ನೂರು ಎಳೆಗಳ ಸರಾಸರಿ ಚೆನ್ನಾಗಿದ್ದರೆ ಅದು ಹಸಿರಾಗಿಯೇ ಇರುತ್ತದೆ. ತಪ್ಪಿದ ಒಂದು ಎಳೆ ಅದಕ್ಕೆ ಕಾಣುವುದಿಲ್ಲ.

ಮಾಲೆ ಬಾಡಿ ಅದನ್ನು ತೆಗೆಯುವ ಹೊತ್ತಿಗೆ ನರಗುಂದದವರ ಕಾಯಿಲೆಗಳೆಲ್ಲ ಸಂತೆಯ ಮಾತಾಗಿದ್ದವು. ತನಗೆ ಮೂರ್ಛೆ ರೋಗವಿದೆ ಎಂದು ತಾಯಿಗೂ ಹೇಳದಿದ್ದ ಒಬ್ಬ ಶಿಕ್ಷಕಿ ಈಗ ಶಾಲೆಗೆ ಹೋಗುತ್ತಿಲ್ಲ. ಅವರನ್ನು ನಾನು ನೋಡಿಲ್ಲ. ಗೋಡೆಯಲ್ಲಿ ಅವರೂ ಒಂದು ಎಳೆಯಾಗಿದ್ದರು.

ನಿರ್ದೇಶಕರು ಈಗ ಗೋಡೆ ಇದ್ದೂ ಕಳವಾಯಿತು, ಗೋಡೆಯೇ ಬೇಡ, ದೀಪ ಸಾಕು ಎನ್ನುತ್ತಿದ್ದಾರೆ. ಬರುವ ಸೋಮವಾರ ಕೊನೆಯ ಬಾರಿ ಅವರೆದುರು ಗೋಡೆ ಓದಿ ತೋರಿಸಲು ನನಗೆ ಅವಕಾಶವಿದೆ. ನಿಯಮದಂತೆ ಹೂಂಗುಟ್ಟಲು ಒಬ್ಬರು ಬೇಕು. ಎಲ್ಲರನ್ನೂ ಕೇಳಿದೆ. ನಗುವ ಫಕೀರೇಶನೂ ತಲೆ ತಗ್ಗಿಸಿದ. ಅವನಿಗೂ ನೌಕರಿ ಬೇಕು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನ ಗೋಡೆಯ ಮೇಲೂ ಇಂಥ ಚಿತ್ರವೊಂದು ಇರಬಹುದು, ಬಂದವರಿಗೆ ತೋರಿಸುವ ಅಲಂಕಾರಕ್ಕೆ. ಅದರ ಮುಂದೆ ಎರಡು ಕುರ್ಚಿ ಹಾಕಿಸಿ. ಒಬ್ಬರು ಹೇಳಲಿ, ಒಬ್ಬರು ಹೂಂಗುಟ್ಟಲಿ, ಇಬ್ಬರಿಗೂ ಕತ್ತರಿಸುವ ಅಧಿಕಾರವಿರಲಿ. ನೀವು ಇಂದು ರೂಢಿ ಮಾಡಿದರೆ, ಅದು ಕೈಯಿಂದ ಕೈಗೆ ದಾಟಿ ಬಂದು, ನಾನಿರುವ ದಿನಕ್ಕೆ ನಗೆಪಾಟಲಿನ ಸಂಗತಿಯಾಗಿ ಉಳಿಯಲಾರದು. ಯಾರಾದರೊಬ್ಬರು ಎದ್ದು ಬಂದು ನನ್ನ ಪಕ್ಕ ಕೂತಾರು.

ಬರದಿದ್ದರೂ ನಾನು ಹೇಳುವವಳೇ. ಮನೆಯಿಂದ ಒಂದು ಕುರ್ಚಿ ಹೊತ್ತು ತಂದು ಪಕ್ಕಕ್ಕೆ ಇಟ್ಟಿರುತ್ತೇನೆ. ನೀವು ನಿಮ್ಮ ಗೋಡೆಯ ಮುಂದೆ ಕೂತುಕೊಳ್ಳಿ, ನಾನು ನನ್ನದರ ಮುಂದೆ ಕೂರುತ್ತೇನೆ: ನವೆಂಬರ್ ತಿಂಗಳ ಮೊದಲ ಸೋಮವಾರ, ಸಂಜೆ ನಾಲ್ಕು ಗಂಟೆಗೆ.

ಶಿವಗಂಗಾ ಕೋಳಿವಾಡ